ಬ್ಯಾಸರ ಬಂದ ಮಧ್ಯಾಹ್ನ

ನಮ್ಮ ಅನುಷಾಗೆ ನಿನ್ನೆ ಬ್ಯಾಸರ ಬಂತು ನೋಡ್ರಿ! ಮಧ್ಯಾಹ್ನ ಪಡಸಾಲೆಯಲ್ಲಿ, ನಮ್ಮೆಲ್ಲರ ಎದುರಿಗೆ, ಬಾಯಿ ತುಂಬ ಆಕಳಿಸಿ, "ಅಜ್ಜಿ, ಭಾಳ ಬ್ಯಾಸರ ಆಗ್ತೈತೆ" ಅಂದಳು. ಅಂದವಳು ಫೋನು ಮುಟ್ಟಲಿಲ್ಲ. ಅಲ್ಲೇ ಶೇಂಗಾ ಚೀಲಕ್ಕೆ ಒರಗಿ ಹಾಲು ಕುಡಿದ ಕೂಸಿನಂಗೆ ನಿದ್ದೆ ಹೋದಳು. ನಾನು ಸದ್ದು ಮಾಡದಂಗೆ ಎದ್ದು ಹೋಗಿ ಕಡ್ಲೆಬೇಳೆ ಬೇಯಾಕೆ ಇಟ್ಟೆ. ಇಂಥ ಸುದ್ದಿಗೆ ಹೋಳಿಗೆ ಮಾಡದೆ ಇನ್ಯಾವುದಕ್ಕೆ ಮಾಡೋದು?

ನೀವು ನಗ್ತೀರಿ, ಗೊತ್ತು. ಮೊಮ್ಮಕ್ಕಳು ಪಾಸಾದರೆ ಪೇಡೆ ಹಂಚೋರು ಅದಾರೆ, ನೌಕರಿ ಸಿಕ್ಕರೆ ಊರಿಗೆಲ್ಲ ಊಟ ಹಾಕೋರು ಅದಾರೆ. ಮೊಮ್ಮಗಳಿಗೆ ಬ್ಯಾಸರ ಬಂತು ಅಂತ ಹೂರಣ ರುಬ್ಬಿದ ಅಜ್ಜಿ ಜಗಳೂರು ಸೀಮೆಗೆಲ್ಲ ನಾನೊಬ್ಬಳೇ ಇರಬೇಕು. ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸೋ ಹೊತ್ತಿಗೆ ಸಂತೋಷ ಆರಿ ಹೋದೀತು ಅಂತ ಬೆಳಗ್ಗೆ ಎದ್ದವಳೇ ಬರಿಯಾಕೆ ಕೂತಿದೀನಿ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದ್ರಿ.

ಅನುಷಾ ನನ್ನ ಮಗ ತಿಪ್ಪೇಶನ ಮಗಳು. ದಾವಣಗೆರೆಯಲ್ಲಿ ಡಿಗ್ರಿ ಓದ್ತಿದ್ದಳು. ಹೋದ ವರ್ಷ ಪರೀಕ್ಷೆ ಕೈ ಕೊಡ್ತು. ಜೊತೆಯವರೆಲ್ಲ ಮುಂದೆ ಹೋದರು, ಇವಳು ಊರಿಗೆ ಬಂದು ಕೋಣೆ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಶುರುವಾಯಿತು. ಎದ್ದರೆ ಫೋನು, ಬಿದ್ದರೆ ಫೋನು. ಊಟದ ತಟ್ಟೆ ಕೋಣೆಗೇ ಹೋಗೋದು, ಅರ್ಧ ಹಂಗೇ ವಾಪಸ್ ಬರೋದು. ರಾತ್ರಿ ನಿದ್ದೆ ಇಲ್ಲ, ಹಗಲು ಎಚ್ಚರ ಇಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅವಳ ಮುಖ. ಫೋನಿನಲ್ಲಿ ಯಾರೋ ಬಿದ್ದು ಬಿದ್ದು ನಗ್ತಿದ್ದರೂ ನಮ್ಮ ಹುಡುಗಿ ಮುಖದಲ್ಲಿ ಒಂದು ಗೆರೆ ಅಲ್ಲಾಡೋದಿಲ್ಲ. ಹೆಬ್ಬೆರಳು ಮಾತ್ರ ಮೇಲಕ್ಕೆ ತಳ್ಳಿ ತಳ್ಳಿ ಬಿಡೋದು, ದೋಸೆ ಮಗುಚಿದಂಗೆ.

ಒಂದು ದಿನ ನನ್ನ ಸೊಸೆ ರತ್ನಮ್ಮ ತಡೆಯಲಾರದೆ ಕೇಳೇ ಬಿಟ್ಟಳು. "ಅದರಾಗೆ ಅಂಥಾದ್ದೇನೈತೆ ಮಗಾ, ಅಷ್ಟು ಚಂದ?"

"ಏನೂ ಇಲ್ಲಮ್ಮ. ಬಿಟ್ರೆ ಇನ್ನೂ ಬ್ಯಾಸರ. ಎದೆ ಮ್ಯಾಲೆ ಕಲ್ಲು ಇಟ್ಟಂಗೆ ಆಗ್ತೈತೆ" ಅಂದು ಹುಡುಗಿ ಅತ್ತಳು.

ನಮಗೆ ತಿಳಿದ ಮದ್ದು ಒಂದೇ, ದೃಷ್ಟಿ ತೆಗೆಯೋದು. ಕಲ್ಲುಪ್ಪು, ಒಣಮೆಣಸಿನಕಾಯಿ, ಕಸಬರಿಗೆ ಕಡ್ಡಿ ಹಿಡಿದು ಹುಡುಗಿಗೆ ನಿವಾಳಿಸಿದೆ. ಪಕ್ಕದ ಮನೆ ಬಸಮ್ಮ ನಿಂತು ನೋಡ್ತಿದ್ದವಳು, "ಅಕ್ಕ, ಆ ಫೋನಿಗೂ ತೆಗಿ. ದೇಶದ ಮಂದಿ ಮಕ ಎಲ್ಲ ಅದರಾಗೇ ಇರ್ತಾವಂತೆ. ಯಾರ ಕಣ್ಣು ಎಂಥಾದ್ದೋ!" ಅಂದಳು. ನನಗೂ ಹೌದೇ ಹೌದು ಅನಿಸ್ತು. ಫೋನನ್ನು ಮಣೆ ಮೇಲೆ ಪೂರ್ವಕ್ಕೆ ಮುಖ ಮಾಡಿ ಮಲಗಿಸಿ, ನಿವಾಳಿಸಿ, ಒಲೆಗೆ ಹಾಕಿದೆ. ಮೆಣಸಿನಕಾಯಿಯನ್ನು, ಫೋನನ್ನಲ್ಲ! ನಿಮಗೆ ಗೊತ್ತಲ್ಲ, ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಘಾಟು ಬರೋದಿಲ್ಲ ಅಂತಾರೆ. ನಮ್ಮ ಮನೇಲಿ ಎಂಥ ಘಾಟು ಎದ್ದಿತು ಅಂದರೆ, ನಾನು, ಬಸಮ್ಮ, ಕಟ್ಟೆ ಮೇಲಿದ್ದ ನಾಯಿ, ಎಲ್ಲರೂ ಕೆಮ್ಮಿ ಬೀದಿಗೆ ಬಂದೆವು. ಫೋನಿನದು ಏನೂ ತಪ್ಪಿಲ್ಲ ಅಂತ ಒಲೆಯೇ ತೀರ್ಪು ಕೊಟ್ಟಂಗಾಯಿತು.

ನಾನೂ ಏನು ಕಡಿಮೆಯವಳಲ್ಲ ಬಿಡ್ರಿ. ಮಗ ಕೊಡಿಸಿದ ಫೋನು ನನ್ನ ಹತ್ತಿರಾನೂ ಐತೆ. ಒಂದು ಸಾರಿ ಯಾವುದೋ ಊರಿನ ಹೆಣ್ಣುಮಗಳು ಪಾತ್ರೆ ತಿಕ್ಕಿ ಪಳಪಳ ಹೊಳೆಸೋದನ್ನು ನೋಡ್ತಾ ಕೂತೆ. ಎಷ್ಟು ಚೆನ್ನಾಗಿ ತಿಕ್ಕಿದಳು ಅಂತೀರಿ! ಹೊತ್ತು ಮುಳುಗಿತು. ನಮ್ಮ ಮನೆ ಪಾತ್ರೆ ಬಚ್ಚಲಲ್ಲಿ ಹಂಗೇ ಬಿದ್ದಿದ್ದವು. ಹಂಗಾಗಿ ಹುಡುಗಿಗೆ ಬೈಯಾಕೆ ನನಗೆ ಬಾಯಿ ಬರಲಿಲ್ಲ.

ಕೊನೆಗೆ ರತ್ನಮ್ಮ, ದಾವಣಗೆರೆಗೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂದಳು. ತಿಪ್ಪೇಶ ತಲೆ ಕೆರಕೊಂಡ. "ಜನ ಏನಂತಾರೆ?"

"ಜನ ಬಂದು ನನ್ನ ಮಗಳನ್ನ ನಗಿಸ್ತಾರೇನು? ಹಂಗಿದ್ರೆ ಕರಕೊಂಡ್ ಬರ್ರಿ" ಅಂದಳು ಸೊಸೆ. ನನ್ನ ಸೊಸೆ ಮಾತಾಡೋದು ಕಡಿಮೆ. ಆಡಿದರೆ ಹಿಂಗೆ.

ಡಾಕ್ಟ್ರಮ್ಮ ಹುಡುಗಿ ಜೊತೆ ಬಾಗಿಲು ಹಾಕಿಕೊಂಡು ಭಾಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನೂ ಕರೆದು ಕೂರಿಸಿ ಹೇಳಿದರು, "ಮನಸ್ಸು ಕುಗ್ಗಿದೆ, ಅದಕ್ಕೆ ಬೇಗ ಬೇಸರ. ಬೇಸರಕ್ಕೆ ಫೋನು. ಫೋನು ಹೆಚ್ಚಾದಷ್ಟೂ ಬೇಸರ ತಡಕೊಳ್ಳೋ ಶಕ್ತಿ ಕಡಿಮೆ. ಕಿತ್ಕೋಬೇಡಿ, ಹಂಗಿಸಬೇಡಿ. ಇಲ್ಲಿಗೆ ತಪ್ಪದೆ ಕರಕೊಂಡು ಬನ್ನಿ. ಮನೇಲಿ ನಾಲ್ಕು ಜನದ ಮಧ್ಯೆ ಕೂರಿಸಿಕೊಳ್ಳಿ. ಸ್ವಲ್ಪ ಬೇಸರ ಆದರೆ ಆಗಲಿ, ಗಾಬರಿಯಾಗಬೇಡಿ."

ಸ್ವಲ್ಪ ಬ್ಯಾಸರ! ಬರೋ ದಾರಿಯಲ್ಲಿ ಬಸ್ಸಿನಲ್ಲಿ ನನಗೆ ಒಳಗೊಳಗೇ ನಗು. ಆ ವಿದ್ಯೆಯಲ್ಲಿ ನಮ್ಮನ್ನು ಮೀರಿಸೋರು ಯಾರು? ಬಿತ್ತನೆ ಹತ್ತಿರ ಬಂದಿತ್ತು, ಶೇಂಗಾ ಸುಲಿಯೋ ಕಾಲ.

ಸುಲಿಯಾಕೆ ಮಿಷನ್ನು ಬಂದು ಎಷ್ಟೋ ಕಾಲ ಆಯಿತು. ಆದರೆ ಬಿತ್ತನೆ ಬೀಜಕ್ಕೆ ನಾವು ಮಿಷನ್ನು ನಂಬೋದಿಲ್ಲ. ಕಾಳಿನ ಮೂತಿ ಮುರಿದರೆ, ಕೆಂಪು ಸಿಪ್ಪೆ ತರಚಿದರೆ ಮೊಳಕೆ ಬರೋದಿಲ್ಲ. ಕಾಯಿಗೆ ಒಂಚೂರು ನೀರು ಚಿಮುಕಿಸಿ, ಹೆಬ್ಬೆರಳಲ್ಲಿ ಒತ್ತಿ, ಒಂದೊಂದೇ ಬಿಡಿಸಬೇಕು. ಅದರಷ್ಟು ಬ್ಯಾಸರದ ಕೆಲಸ ಭೂಮಿ ಮೇಲಿಲ್ಲ. ಅದಕ್ಕೇ ಯಾರೂ ಒಬ್ಬರೇ ಕೂತು ಸುಲಿಯೋದಿಲ್ಲ. ಇವತ್ತು ನಮ್ಮ ಪಡಸಾಲೆ, ನಾಳೆ ಬಸಮ್ಮನ ಪಡಸಾಲೆ.

ಬ್ಯಾಸರದ ವಿಚಾರದಲ್ಲಿ ನಾನು ಚಿಕ್ಕಂದಿನಿಂದ ಪಳಗಿದವಳು. ನನ್ನ ತವರು ಸಂತೇಬೆನ್ನೂರು. ಸಂತೆ ದಿನ ಅಪ್ಪ ಈರುಳ್ಳಿ ಮಾರುವಾಗ ಚೀಲದ ಪಕ್ಕ ನನ್ನನ್ನು ಕಾವಲಿಗೆ ಕೂರಿಸೋನು. ಏಳಂಗಿಲ್ಲ, ಆಡಂಗಿಲ್ಲ. ಮೊದಮೊದಲು ಅಳು ಬರೋದು. ಆಮೇಲೆ ಹೋಗೋ ಬರೋರ ಕಾಲು ನೋಡಾಕೆ ಶುರು ಮಾಡಿದೆ. ಮುಖ ನೋಡದೆ, ಕಾಲು ನೋಡೇ ಇವನು ಕೊಳ್ಳೋ ಗಿರಾಕಿ, ಇವನು ಬರೀ ರೇಟು ಕೇಳೋ ಗಿರಾಕಿ ಅಂತ ಹೇಳ್ತಿದ್ದೆ. ಬ್ಯಾಸರದಲ್ಲೂ ಬಗೆ ಅದಾವೆ. ಬಸ್ಸು ಕಾಯೋ ಬ್ಯಾಸರಕ್ಕೆ ಸಿಟ್ಟಿನ ಹುಳಿ ಇರ್ತದೆ. ಬಾಣಂತಿ ಬ್ಯಾಸರಕ್ಕೆ ಹಾಲಿನ ವಾಸನೆ. ಸಂತೆಯ ಬ್ಯಾಸರ ಹೊಲ ಬೀಳು ಬಿಟ್ಟಂಗೆ. ಮೇಲೆ ಏನೂ ಕಾಣೋದಿಲ್ಲ, ಕೆಳಗೆ ಮಣ್ಣು ದಣಿವಾರಿಸಿಕೊಳ್ತಿರ್ತದೆ. ಈಗಿನ ಹುಡುಗರ ತಲೆಗೆ ಬೀಳು ಬಿಡೋ ಕಾಲವೇ ಇಲ್ಲ. ಒಂದು ಬೆಳೆ ತೆಗೆಯೋದ್ರೊಳಗೆ ಇನ್ನೊಂದು ಬೀಜ ಬಿದ್ದಿರ್ತದೆ. ಮಣ್ಣು ಸೋಲದೆ ಏನು ಮಾಡೀತು?

ಮೊದಲ ದಿನ ಅನುಷಾ ಪಡಸಾಲೆಗೆ ಬಂದಳು, ಫೋನಿನ ಸಮೇತ. ಚೊಂಬಿಗೆ ಅದನ್ನು ಒರಗಿಸಿಟ್ಟುಕೊಂಡು ಅರೆ ಮನಸ್ಸಲ್ಲಿ ಸುಲಿದಳು. ಬಸಮ್ಮ ಬಿಡ್ತಾಳೇನು? "ಏನವ್ವ ಅನುಷಾ, ಅದರಾಗಿನ ಹುಡುಗೀರೂ ಒಂದೊಂದು ಬೊಗಸೆ ಸುಲಿದು ಕೊಡ್ತಾರೇನು ಕೇಳು."

"ಕೇಳ್ತೀನಿ ಇರಜ್ಜಿ. ಟೀ ಕೊಡ್ತೀರಾ ಅಂತ ಅವರೇ ಕೇಳ್ತಾರೆ" ಅಂದಳು ನಮ್ಮ ಹುಡುಗಿ. ಎಷ್ಟು ದಿನದ ಮೇಲೆ ಅವಳ ಬಾಯಿಂದ ತಿರುಗೇಟು! ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣೀರು ಕಾಣ್ತಿತ್ತು.

ಕೆಲವು ದಿನ ಬಂದಳು, ಕೆಲವು ದಿನ ಕೋಣೆಯಿಂದ ಆಚೆಗೇ ಬರಲಿಲ್ಲ. ನಾವೂ ಬಲವಂತ ಮಾಡಲಿಲ್ಲ. ನಿನ್ನೆ ಬಂದಳು. ಬೆಳಗ್ಗೆಯಿಂದ ಸುಲಿದು ಅವಳ ಹೆಬ್ಬೆರಳು ಒರಟಾಗಿ, ಕೆಂಪು ಧೂಳು ಮೆತ್ತಿತ್ತು. ನಡುವೆ ಫೋನು ಎತ್ತಿ ಬೆರಳು ಒತ್ತಿದಳು. ಬೀಗ ತೆಗೀಲಿಲ್ಲ. ಒರೆಸಿ ಒತ್ತಿದಳು. ಊಹೂಂ. ರೇಷನ್ ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟಿಗೆ ಯಾವಾಗಲೂ ಆಗೋ ಗತಿ ಅದು. ಆ ಮಿಷನ್ನಿಗೆ ನನ್ನ ಗುರುತು ಸಿಕ್ಕದೆ, ನಾನು ಸೆರಗಿನಲ್ಲಿ ಬೆರಳು ತಿಕ್ಕಿ ತಿಕ್ಕಿ ನಿಲ್ಲೋದನ್ನು ಅವಳು ನೋಡಿದಾಳೆ.

ಒಂದು ಗಳಿಗೆ ಬೆರಳು ನೋಡಿಕೊಂಡಳು. ಆಮೇಲೆ ನಗಾಕೆ ಶುರು ಮಾಡಿದಳು. "ಅಜ್ಜಿ, ನಂದೂ ನಿನ್ನ ಬೆರಳಿನಂಗೆ ಆಯ್ತು! ನಾಳೆಯಿಂದ ನಂಗೂ ರೇಷನ್ ಇಲ್ಲ!"

"ಪಿಂಚಣಿಗೆ ಅರ್ಜಿ ಹಾಕಮ್ಮ" ಅಂದಳು ಬಸಮ್ಮ. ಹುಡುಗಿ ಹೊಟ್ಟೆ ಹಿಡಕೊಂಡು ನಕ್ಕಳು. ಆ ನಗು ಕೇಳಿ ಒಲೆ ಮುಂದಿದ್ದ ರತ್ನಮ್ಮ ಸೌಟು ಹಿಡಿದೇ ಓಡಿ ಬಂದು ಬಾಗಿಲಲ್ಲಿ ನಿಂತಳು. ನಂಬರ್ ಒತ್ತಿದರೆ ಫೋನು ತೆಗೀತಿತ್ತು, ಅದು ನನಗೂ ಗೊತ್ತು. ಅವಳು ಒತ್ತಲಿಲ್ಲ. ಕಿಟಕಿ ಮೇಲೆ ಇಟ್ಟು ಬಂದು ಇನ್ನೊಂದು ಬೊಗಸೆ ಕಾಯಿ ಎಳಕೊಂಡಳು. ಸ್ವಲ್ಪ ಹೊತ್ತಿಗೆ ಆಕಳಿಕೆ, ಆಮೇಲೆ ನಾನು ಮೊದಲೇ ಹೇಳಿದ ಬ್ಯಾಸರ, ಆಮೇಲೆ ನಿದ್ದೆ.

ಎಲ್ಲ ಗುಣ ಆಯಿತು ಅಂತ ನಾನು ಹೇಳ್ತಿಲ್ಲ. ಡಾಕ್ಟ್ರಮ್ಮನ ಹತ್ತಿರ ಇನ್ನೂ ಹೋಗೋದೈತೆ. ಮೋಡದ ದಿನಗಳು ಮತ್ತೆ ಬಂದಾವು. ಆದರೆ ಕಲ್ಲು ಇಟ್ಟಂಗೆ ಆಗೋ ಆ ಬ್ಯಾಸರವನ್ನು ನನ್ನ ಮೊಮ್ಮಗಳು ಎದುರಿಗೆ ಕೂರಿಸಿಕೊಂಡಳು. ಹೆದರಿ ಓಡಲಿಲ್ಲ. ಕುಸ್ತಿ ಗೆದ್ದವರನ್ನು ಹೆಗಲ ಮೇಲೆ ಹೊತ್ತು ಕುಣೀತಾರೆ. ನನ್ನ ಮಂಡಿ ನೆಟ್ಟಗಿದ್ದಿದ್ದರೆ ನಿನ್ನೆ ನಾನೂ ಹೊರುತ್ತಿದ್ದೆ.

ಸಂಜೆ ದೀಪ ಹಚ್ಚೋ ಹೊತ್ತಿಗೆ ಎದ್ದಳು. ಕೆನ್ನೆ ಮೇಲೆ ಚೀಲದ ಗೆರೆ. "ಹಸಿವಾಗ್ತೈತೆ" ಅಂದಳು. ತಟ್ಟೆ ಕೋಣೆಗೆ ಕೊಡಬೇಕಾ ಅಂತ ರತ್ನಮ್ಮ ನನ್ನ ಮುಖ ನೋಡೋದ್ರೊಳಗೆ ತಾನೇ ಬಂದು ಅಪ್ಪನ ಪಕ್ಕ ಕೂತಳು. ತಿಪ್ಪೇಶ ಜರುಗಿ ಜಾಗ ಕೊಟ್ಟ.

ನಮ್ಮ ಮನೇಲಿ ನಾನೂ ಸೊಸೆಯೂ ಬಡಿಸಿ, ಎಲ್ಲರದೂ ಆದ ಮೇಲೆ ಉಣ್ಣೋದು ರೂಢಿ. "ನೀವಿಬ್ರೂ ಕೂತ್ಕೊಳ್ರಿ. ಇಲ್ಲಾಂದ್ರೆ ನಾನು ಎದ್ದು ಹೋಗ್ತೀನಿ" ಅಂದಳು ಹುಡುಗಿ.

"ಮತ್ತೆ ಬಡಿಸೋರು ಯಾರೇ?" ಅಂದೆ.

"ಎಲ್ರಿಗೂ ಕೈ ಐತಲ್ಲಜ್ಜಿ."

ಹೋಳಿಗೆ ಬುಟ್ಟಿ ನಡುವೆ ಇಟ್ಟುಕೊಂಡು ನಾಲ್ಕೂ ಜನ ಸುತ್ತ ಕೂತೆವು. ತುಪ್ಪದ ಗಿಂಡಿ ಕೈಯಿಂದ ಕೈಗೆ ಹೋಯಿತು. ಕಟ್ಟಿನ ಸಾರಿಗೆ ಉಪ್ಪು ಜಾಸ್ತಿ ಅಂತ ತಿಪ್ಪೇಶ ಗೊಣಗಿದ, "ನೀನೇ ಮಾಡ್ಬೇಕಿತ್ತಪ್ಪ" ಅಂತ ಮಗಳು ಅಂದಳು, ರತ್ನಮ್ಮ ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಬಿಸಿ ಹೋಳಿಗೆ ತಿಂದಿದ್ದು ನಿನ್ನೆಯೇ ಮೊದಲು.