ಅಕ್ಕನ ಬ್ಯಾನರಿನಲ್ಲಿ ನನ್ನ ಮುಖ

ನಮ್ಮದು ತೆಲುಗು ನಾಡಿನ ಗಡಿಯಲ್ಲಿ, ಮಕ್ತಲ್ ಹತ್ತಿರದ ಸಣ್ಣ ಕನ್ನಡದ ಹಳ್ಳಿ. ಪಂಚಾಯಿತಿಯ ಸರಪಂಚ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದಾಗ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ತಮ್ಮ ಹೆಂಡತಿಯನ್ನು ನಿಲ್ಲಿಸಿದರು. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಇಬ್ಬರದೂ ಒಂದೇ ಅಡುಗೆಮನೆ. ಪ್ರಚಾರಕ್ಕೆ ಫೋಟೊ ಬೇಕೆಂದಾಗ ಭಾವ, ಯಾವುದೋ ಮದುವೆಯಲ್ಲಿ ನಾವಿಬ್ಬರೂ ನಿಂತು ತೆಗೆಸಿಕೊಂಡ ಫೋಟೊ ಕಳಿಸಿಬಿಟ್ಟರು. ಮಕ್ತಲ್‌ನಿಂದ ಬ್ಯಾನರ್ ಬಂತು. ಹೆಸರು ಅಕ್ಕನದು, ಮುಖ ನನ್ನದು.

"ಮುಖ ಯಾವುದಾದ್ರೇನು, ಓಟಿನ ಗುರುತು ಸರಿ ಐತಲ್ಲ," ಎಂದರು ಭಾವ. ಅಕ್ಕ ಬ್ಯಾನರನ್ನು ಬಹಳ ಹೊತ್ತು ನೋಡಿ, "ನನಗಿಂತ ನೀನ ಸರಪಂಚ ಇದ್ದಂಗ ಕಾಣ್ತಿ," ಎಂದಳು.

ಅವಳು ಗೆದ್ದಳು. ಮರುದಿನವೇ ಓಣಿಯ ಮುದುಕಿಯೊಬ್ಬಳು ಬಂದು ಬೀದಿ ದೀಪ ಉರಿಯುತ್ತಿಲ್ಲವೆಂದು ನನ್ನನ್ನು ಬೈದಳು. ಸರಪಂಚ ನಾನಲ್ಲ ಎಂದೆ.

"ಓಟು ಕೇಳಾಕ ನೀನ ನೇತಾಡ್ತಿದ್ದಿ. ಗೆದ್ದ ಮ್ಯಾಲ ನಾನಲ್ಲ ಅಂತಿ."

ಕೊನೆಗೆ ಅದೇ ರೂಢಿಯಾಯಿತು. ಜನ ನನಗೆ ಹೇಳುವರು, ರಾತ್ರಿ ರೊಟ್ಟಿ ಬಡಿಯುತ್ತ ನಾನು ಅಕ್ಕನಿಗೆ ಹೇಳುವೆ, ಅವಳು ಬೆಳಿಗ್ಗೆ ಮಂಡಲ ಕಚೇರಿಗೆ ಹೋಗಿ ಕೆಲಸ ಆಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ದೀಪ ಉರಿಯಿತು, ಕೊಳಾಯಿಗೆ ನೀರು ಬಂತು. ಹಾಗೆ ಕೂತು ಕೂತೇ ಅವಳು ನಾರಾಯಣಪೇಟೆಯ ಜಿಲ್ಲಾ ಪರಿಷತ್ತಿಗೆ ಹೋದಳು, ಆಮೇಲೆ ಶಾಸಕಿಯಾಗಿ ಹೈದರಾಬಾದಿಗೆ. ಅಲ್ಲಿ ಅವಳ ಪಕ್ಷದ ಇಬ್ಬರು ದೊಡ್ಡವರು ಮುಖ್ಯಮಂತ್ರಿ ಕುರ್ಚಿಗಾಗಿ ಜಗಳವಾಡಿ, ತನಗಿಲ್ಲದಿದ್ದರೆ ಅವನಿಗೂ ಬೇಡ ಎಂದು ಹಟ ಹಿಡಿದರು. ಇಬ್ಬರಿಗೂ ಭಯವಿಲ್ಲದ ಹೆಸರು ಹುಡುಕಿದಾಗ ಸಿಕ್ಕಿದ್ದು ಅಕ್ಕನದು. ಅವಳು ಮುಖ್ಯಮಂತ್ರಿಯಾದ ಸುದ್ದಿಯನ್ನು ಟಿವಿಯಲ್ಲಿ ನೋಡಿದ ಭಾವ, "ನನಗೊಂದು ಮಾತು ಕೇಳಬೇಕಿತ್ತು," ಎಂದು ಎದ್ದು ಹೊಲಕ್ಕೆ ಹೋದರು.

ಕೆಲವು ತಿಂಗಳ ಮೇಲೆ ನಮ್ಮ ಚಿಕ್ಕಮ್ಮನನ್ನು ನೋಡಲು ಗದ್ವಾಲಕ್ಕೆ ಹೋದೆ. ಬಸ್ಸಿಳಿದರೆ ಎದುರಿಗೆ ಮನೆಯೆತ್ತರದ ನಾನು. ಅಂದು ಅಕ್ಕನ ಸಭೆಯಂತೆ. ಯಾರೋ ಉತ್ಸಾಹಿಗಳು ಹಳೆಯ ಫೋಟೊ ಹುಡುಕಿ ಹಾಕಿದ್ದರು. ಪೊಲೀಸನೊಬ್ಬ ಬ್ಯಾನರ್ ನೋಡಿದ, ನನ್ನನ್ನು ನೋಡಿದ, ಬೆವರಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಜನರನ್ನು ಸರಿಸಿ ನನ್ನನ್ನು ವೇದಿಕೆಗೇರಿಸಿಬಿಟ್ಟ. ಶಾಲು ಬಂತು, ಹಾರ ಬಂತು, ಅರ್ಜಿಗಳು ಬಂದವು. ಒಬ್ಬೊಬ್ಬರೂ ತೆಲುಗಿನಲ್ಲಿ ಕಷ್ಟ ಹೇಳಿಕೊಂಡರು. ಅಭ್ಯಾಸಬಲದಿಂದ ಕೇಳಿಸಿಕೊಂಡೆ.

ಅಷ್ಟರಲ್ಲಿ ನಿಜವಾದ ಮುಖ್ಯಮಂತ್ರಿ ಬಂದಳು. ಅಧಿಕಾರಿಗಳ ಮುಖ ಸುಣ್ಣವಾಯಿತು. ನಾನು ಏಳಹೋದರೆ ಅಕ್ಕ ಹೆಗಲು ಒತ್ತಿ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಕೂತಳು.

"ಏನಂತಾರ?" ಎಂದು ಕಿವಿಯಲ್ಲಿ ಕೇಳಿದಳು.

ಹೇಳಿದೆ. ಸಭೆ ಮುಗಿದ ಮೇಲೆ ಕಾರಿನಲ್ಲಿ ಕೂರಿಸಿಕೊಂಡು ಉಳಿದದ್ದನ್ನೂ ಕೇಳಿದಳು. ಹಾಗೆ ಕೇಳುತ್ತಲೇ, ಚಿಕ್ಕಮ್ಮನಿಗೆಂದು ನಾನು ಕಟ್ಟಿಕೊಂಡು ಹೋಗಿದ್ದ ಸಜ್ಜೆ ರೊಟ್ಟಿಯನ್ನೆಲ್ಲ ತಿಂದಳು.

"ಹೈದರಾಬಾದದಾಗ ಎಲ್ಲಾರೂ ಎಲ್ಲಾ ಚಲೋ ಐತಿ ಅಂತಾರ, ತಂಗಿ," ಎಂದಳು. "ಬೈಯವ್ರು ಒಬ್ಬರೂ ಇಲ್ಲ." ಅವಳು ಸೊರಗಿದ್ದಳು. ಅವಳ ಸೆರಗಿಗಂಟಿದ್ದ ರೊಟ್ಟಿ ಚೂರು ಕೊಡವಿ ಇಳಿದೆ.

ಬರಿಗೈಯಲ್ಲಿ ಹೋದ ನನ್ನನ್ನು ಚಿಕ್ಕಮ್ಮ ಮೇಲಿಂದ ಕೆಳಗೆ ನೋಡಿದಳು. ರೊಟ್ಟಿಯನ್ನು ಮುಖ್ಯಮಂತ್ರಿ ತಿಂದಳೆಂದೆ.

"ತರಲಿಲ್ಲ ಅಂದ್ರ ತರಲಿಲ್ಲ ಅನ್ನು," ಎಂದಳು ಚಿಕ್ಕಮ್ಮ. "ಸುಳ್ಳ್ಯಾಕ ಹೇಳ್ತಿ?"