ಬಾಣಂತಿ ಕೋಣೆಯ ಹೊಸ್ತಿಲಲ್ಲಿ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಜಯನಗರದ ನಮ್ಮ ಮನೆ ಬಿಟ್ಟು ಎಲ್ಲಿಗೂ ಹೊರಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒತ್ತಾಯ ಮಾಡಿ ಕರಾವಳಿಯ ಒಂದು ಊರಿಗೆ ಕರೆದುಕೊಂಡು ಹೋದೆ. ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದ ಮ್ಯೂಸಿಯಂ ಅಲ್ಲಿದೆ.

ಮೊದಲ ಎರಡು ಮನೆಗಳನ್ನು ಅಮ್ಮ ಖುಷಿಯಿಂದಲೇ ನೋಡಿದಳು. ಕಂಬಗಳನ್ನು ಸವರಿ, "ಎಷ್ಟು ನುಣುಪಾಗಿದೆ ನೋಡೇ" ಎಂದಳು. ಮೂರನೆಯದು ಯಾವುದೋ ವ್ಯಾಪಾರಿಯ ಮನೆ. ಅದರ ಹಿಂಭಾಗದಲ್ಲಿ ಗೈಡ್ ಹುಡುಗಿ ಒಂದು ಗಿಡ್ಡ ಬಾಗಿಲು ತೆರೆದಳು.

"ಇದು ಬಾಣಂತಿ ಕೋಣೆ. ಹೆರಿಗೆಯೂ ಇಲ್ಲಿಯೇ ಆಗುತ್ತಿತ್ತು. ಗಾಳಿ ತಾಗಬಾರದೆಂದು ಕಿಟಕಿ ಇಲ್ಲ. ಒಳಗೆ ಹೋಗಿ, ಫೋಟೋ ತೆಗೆಯಬಹುದು."

ಒಳಗೆ ತೊಟ್ಟಿಲಲ್ಲಿ ಬಟ್ಟೆಯ ಗೊಂಬೆ ಮಲಗಿಸಿದ್ದರು. ನಮ್ಮ ಮುಂದಿದ್ದವರು ಅದನ್ನು ತೂಗುತ್ತಾ ನಗುತ್ತಿದ್ದರು. ಅಮ್ಮ ಹೊಸ್ತಿಲಲ್ಲೇ ನಿಂತು ನನ್ನ ಮಣಿಕಟ್ಟು ಹಿಡಿದಳು.

"ನಾನ್ ಬರಲ್ಲ. ನೀನೂ ಹೋಗ್ಬೇಡ."

ಅವಳ ಕೈ ಬೆವೆತಿತ್ತು. ಜಗುಲಿಗೆ ಕರೆತಂದು ಕೂರಿಸಿದೆ. ಗೈಡ್ ನೀರು ತಂದುಕೊಟ್ಟು, "ಸೆಕೆಗೆ ಹಾಗಾಗುತ್ತದೆ ಆಂಟಿ" ಎಂದು ಸಮಾಧಾನ ಹೇಳಿ ಹೋದಳು. ಆಮೇಲೆ ಅಮ್ಮ ಅಂಗಳ ನೋಡುತ್ತಲೇ ಹೇಳಿದಳು.

"ನಿನಗಿಂತ ಮುಂಚೆ ಒಂದು ಹೆಣ್ಣು ಮಗು ಇತ್ತು."

ನನ್ನ ಮಗಳಿಗೇ ಮದುವೆಯಾಗಿದೆ. ಅಲ್ಲಿಯವರೆಗೂ ನಾನೇ ಹಿರಿಯವಳು ಎಂದುಕೊಂಡಿದ್ದೆ.

"ನಮ್ಮಮ್ಮನ ಮನೇಲೂ ಇಂಥದೇ ಕೋಣೆ. ಬಾಗ್ಲು ಹಾಕಿ ಕೆಂಡ ಇಟ್ಟಿದ್ರು, ಕಣ್ ಬಿಡೋಕಾಗದಷ್ಟು ಹೊಗೆ. ಮಗೂಗೆ ಉಸಿರು ಕಟ್ತಿದೆ, ಬಾಗ್ಲು ತೆಗೀರಿ ಅಂದೆ. ಶೀತ ಆಗುತ್ತೆ ಅಂದ್ರು. ನಾನು ಸುಮ್ಮನಾಗ್ಬಿಟ್ಟೆ."

"ಹೊಗೆಯಿಂದಲೇ ಹೋಯ್ತು ಅಂತ ಹೇಗೆ ಹೇಳ್ತೀಯಮ್ಮಾ?"

"ಹೇಳೋಕಾಗಲ್ಲ. ಅದಕ್ಕೇ ಇಷ್ಟು ವರ್ಷ ಕೊರೀತಾ ಇದೆ."

ನನ್ನ ಬಾಣಂತನದಲ್ಲಿ ಅಮ್ಮ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಗಾಳಿಗೆ ಬಡಿದುಕೊಳ್ಳದಿರಲೆಂದು ಸ್ಟೂಲ್ ಅಡ್ಡ ಇಡುತ್ತಿದ್ದಳು. ಬಂದ ನೆಂಟರೆಲ್ಲ ಬೈದರೂ ಕೇಳಲಿಲ್ಲ. ಅದನ್ನು ಬರೀ ಹಠ ಎಂದುಕೊಂಡಿದ್ದೆ.

"ಎಲ್ಲಿ ಮಣ್ಣು ಮಾಡಿದ್ರು?"

"ಬಾಣಂತಿಗೆ ಅದನ್ನೆಲ್ಲ ಯಾರು ತೋರಿಸ್ತಾರೆ? ನಿಮ್ಮಪ್ಪ, ಇನ್ನು ಈ ಮಾತು ಬೇಡ ಅಂದ್ರು. ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ."

"ಹೆಸರು?"

"ತೊಟ್ಟಿಲಿಗೇ ಹಾಕಿರ್ಲಿಲ್ಲ ಕಣೇ."

ಅವಳ ಬೆನ್ನು ಸವರುತ್ತಾ ಕೂತೆ. ಉಳಿದ ಮನೆಗಳನ್ನು ನೋಡದೆ ರೂಮಿಗೆ ಹಿಂತಿರುಗಿದೆವು. ಅಮ್ಮ ಊಟ ಮಾಡಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಜೆಪಿ ನಗರದಿಂದ ತಮ್ಮ ಬಂದ. "ಟ್ರಿಪ್ ಹೇಗಿತ್ತಮ್ಮಾ?" ಎಂದು ಕೇಳಿದ.

"ಚೆನ್ನಾಗಿತ್ತು. ಸೆಕೆ ಜಾಸ್ತಿ" ಎಂದು ಅಮ್ಮ ನನ್ನತ್ತ ನೋಡಿದಳು.

ನಾನು ಕಾಫಿ ಮಾಡಲು ಎದ್ದೆ. ಅವನಿಗೆ ಹೇಳುವುದು, ಬಿಡುವುದು ಅವಳಿಗೆ ಸೇರಿದ್ದು. ಆದರೆ ಅವನು "ಅಕ್ಕಾ" ಎಂದು ಕರೆದಾಗಲೆಲ್ಲ ಈಗ ಓಗೊಡುವುದು ನನಗೆ ಒಂದು ಕ್ಷಣ ತಡವಾಗುತ್ತದೆ.