ಬಾಯ್ಲರ್ ಪುಸ್ತಕದಲ್ಲಿ ಸತ್ತವರ ಸಹಿ

ಎಲ್ಲರೂ ಅವನನ್ನು ಉಗಿಯಣ್ಣ ಎಂದೇ ಕರೆಯುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಮುಂದೆ ಅವನ ಇಪ್ಪತ್ತೆರಡು ವರ್ಷ ಬೆಂದುಹೋಗಿತ್ತು. ಕಾಗದದ ಪ್ರಕಾರ ಮಾತ್ರ ಅವನು ಕಾಯಂ ಕೆಲಸಗಾರನಲ್ಲ, ಗುತ್ತಿಗೆಯವನು. ವರ್ಷಕ್ಕೊಮ್ಮೆ ಗುತ್ತಿಗೆ ಮುಗಿದು, ಒಂದು ದಿನ ಬಿಟ್ಟು ಹೊಸದು ಶುರುವಾಗುತ್ತಿತ್ತು. ಆದರೆ ಬಾಯ್ಲರ್‌ಗೆ ರಜೆಯುಂಟೇ?

"ಆ ದಿನವೂ ನೀನು ಬಾ, ಪುಸ್ತಕದಲ್ಲಿ ನಿನ್ನ ಸಹಿ ಮಾತ್ರ ಬೇಡ. ನಿಮ್ಮ ಗುರುಗಳದ್ದು ಹಾಕು," ಎನ್ನುತ್ತಿದ್ದ ಮೇಸ್ತ್ರಿ.

ಕೆಲಸ ಕಲಿಸಿದ ಆ ಗುರು ಆಗಲೇ ತೀರಿಕೊಂಡಿದ್ದರು. ಆ ಸಹಿ ಹಾಕುವಾಗೆಲ್ಲ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗುತ್ತಿತ್ತು.

ಈಗ ಬಾಯ್ಲರ್ ನಿಲ್ಲಿಸಿ, ಅವನನ್ನು ಬರಿಗೈಯಲ್ಲಿ ಕಳಿಸಿದ್ದರು. ಪರಿಹಾರ ಸಿಗಬೇಕಾದರೆ ಎಡೆಬಿಡದೆ ದುಡಿದದ್ದನ್ನು ತೋರಿಸಬೇಕಿತ್ತು. ಮಗಳು ಅವನನ್ನು ಕಾರ್ಮಿಕ ಅಧಿಕಾರಿಯ ಬಳಿ ಕರೆತಂದಳು. ಆ ಮಹಿಳಾ ಅಧಿಕಾರಿ ಕಾರ್ಖಾನೆಯಿಂದ ತರಿಸಿದ, ದಿನವೂ ಉಗಿಯ ಒತ್ತಡದ ಅಂಕಿ ಬರೆದು ಸಹಿ ಹಾಕುವ ಬಾಯ್ಲರ್ ಪುಸ್ತಕ ತಿರುವಿದರು.

"ವರ್ಷಕ್ಕೊಂದೇ ದಿನ ಬರೋ ಈ ಮಹಾಶಯರು ಯಾರಪ್ಪಾ?"

"ನಮ್ಮ ಗುರುಗಳು, ಮೇಡಂ. ತೀರ್ಕೊಂಡು ಇಪ್ಪತ್ತೊಂದು ವರ್ಷ ಆಯ್ತು."

ಅಧಿಕಾರಿ ಕನ್ನಡಕ ತೆಗೆದರು. "ಸತ್ತವರು ಬಂದು ಬೆಂಕಿ ಹಾಕಲ್ಲ. ಅವತ್ತಿನ ಅಂಕಿಗಳೂ ನಿಮ್ಮ ಕೈಬರಹವೇ. ಅಲ್ಲಿಗೆ ನೀವು ಒಂದು ದಿನಾನೂ ತಪ್ಪಿಸಿಲ್ಲ. ಇದೇ ಸಾಕ್ಷಿ. ಅರ್ಜಿಗೆ ಸಹಿ ಹಾಕಿ."

ಉಗಿಯಣ್ಣ ಪೆನ್ನು ಹಿಡಿದ.

"ಅಪ್ಪಾ, ಏನ್ ಮಾಡ್ತಿದೀಯಾ!" ಎಂದಳು ಮಗಳು.

ಕೈ ತಾನೇ ತಾನಾಗಿ ಗುರುವಿನ ಸಹಿ ಹಾಕಿಬಿಟ್ಟಿತ್ತು. ಅವನು ಅದನ್ನು ಹೊಡೆದುಹಾಕಿ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ಬೆನ್ನ ಹಿಂದೆ ಮತ್ತೆ ಅದೇ ಕೆಮ್ಮು.

"ಆಯ್ತು ಗುರುಗಳೇ," ಎಂದ ತಿರುಗದೆಯೇ, "ಇನ್ನು ನೀವು ಬರೋದು ಬೇಡ."